ಗೋಡೆಯ ಹಸಿರು ಅಂಗಿ

ಫೆಬ್ರವರಿ 4, ಭಾನುವಾರ

ಇವತ್ತೂ ಸೋತರು. ಮೂರು–ಸೊನ್ನೆ. ನಮ್ಮ ಗೋಲ್‌ಕೀಪರ್ ನಿಂತಿದ್ದನೋ ಮಲಗಿದ್ದನೋ, ಅವನಿಗೇ ಗೊತ್ತು. ಪಂದ್ಯ ಮುಗಿದ ಮೇಲೆ ಯಥಾಪ್ರಕಾರ ಇಬ್ಬರೂ ನನ್ನ ಟೈಲರಿಂಗ್ ಅಂಗಡಿಗೆ ಹಾಜರ್. ಕಂಡಕ್ಟರಣ್ಣ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಕಾಂಪೌಂಡರ್ ಇಸ್ತ್ರಿ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ. ನಾನು ಮಷೀನಿನ ಮುಂದೆ. ಶಾಲೆಯ ಯೂನಿಫಾರಂ ನಾಳೆ ಕೊಡಬೇಕು, ಕಾಲು ನಿಲ್ಲಿಸುವಂತಿಲ್ಲ.

ಈಗಿನವರನ್ನು ಬೈದು ಬಾಯಿ ಒಣಗಿದ ಮೇಲೆ ಹಳಬರ ಸರದಿ. ಅಂಚೆಯಣ್ಣ, ಬೆಳಿಗ್ಗೆ ಕಾಗದ ಹಂಚಿ ಮಧ್ಯಾಹ್ನ ಲೆಫ್ಟ್ ವಿಂಗ್‌ನಲ್ಲಿ ಓಡುತ್ತಿದ್ದವನು. ಬೇಕರಿ, ತಲೆಗೂದಲಲ್ಲಿ ಮೈದಾ ಇರುವಾಗಲೇ ಹೆಡ್ ಮಾಡುತ್ತಿದ್ದ, ಚೆಂಡು ಬಿಳಿಚಿಕೊಳ್ಳುತ್ತಿತ್ತಂತೆ. ಗಿರಣಿ ಸೈರನ್ ಕೂಗಿದರೆ ಆಟ ಅರ್ಧಕ್ಕೆ ಬಿಟ್ಟು ಶಿಫ್ಟಿಗೆ ಓಡುತ್ತಿದ್ದರಂತೆ. ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಕ್ಲಬ್ಬಿಗೆ ಇನ್ನೂ ಅದರದೇ ಹೆಸರು. ಗ್ಯಾಲರಿಯ ಹಲಗೆಗಳೂ ಗಿರಣಿಯವೇ.

ಕೊನೆಗೆ ಆ ಫೈನಲ್. ಪ್ರತಿ ಭಾನುವಾರ ಅದೇ ಫೈನಲ್. ಪಾಲು ಹಂಚಿಕೊಂಡಿದ್ದೇವೆ. ಮೊದಲ ಗೋಲು ಕಾಂಪೌಂಡರ್ ಪಾಲು. ಕೊನೆಯ ಪೆನಾಲ್ಟಿ — ನನ್ನ ಅಣ್ಣ ಅದನ್ನು ತಡೆದದ್ದು — ಕಂಡಕ್ಟರಣ್ಣನ ಪಾಲು, ಅವರು ಗೋಲಿನ ಹಿಂದೆಯೇ ನಿಂತಿದ್ದರಲ್ಲ. ಅಣ್ಣ ಮನೆಗೆ ಬಂದದ್ದು ನನ್ನ ಪಾಲು. ಒಬ್ಬರು ಹೇಳುವಾಗ ಇನ್ನೊಬ್ಬರು ಅಡ್ಡಬಾಯಿ ಹಾಕುವಂತಿಲ್ಲ, ತಿದ್ದುವಂತಿಲ್ಲ. ಇವರಿಬ್ಬರ ಕಿತ್ತಾಟ ತಾಳಲಾರದೆ ಅಣ್ಣನೇ ಮಾಡಿಟ್ಟು ಹೋದ ಕಟ್ಟಳೆ.

“ವಿಸಲ್ ಆಯ್ತು. ಆ ಕಡೆಯವನು ಬಲಕ್ಕೆ ನೋಡ್ದ. ಗೋಡೆ ಅವನ ಕಣ್ಣು ನೋಡ್ಲಿಲ್ಲ, ಸೊಂಟ ನೋಡ್ದ. ಎಡಕ್ಕೆ ಹಾರ್ದ. ಬೆರಳ ತುದಿ ತಾಗಿತು ಅಷ್ಟೇ. ಚೆಂಡು ಕಂಬಕ್ಕೆ ಬಡಿದು, ನನ್ನ ಕಾಲ ಹತ್ರ ಬಂದು, ಸುಮ್ಮನೆ ಮಲ್ಕೊಂಡ್ತು.”

ಗೋಡೆ ಅಂದರೆ ಅಣ್ಣ. ಇಡೀ ಊರಿಗೆ ಗೋಡೆ. ನಾನು ಆ ದಿನ ಹೋಗಿರಲಿಲ್ಲ, ಅಮ್ಮನಿಗೆ ಜ್ವರ. ಆದರೂ ಕಂಡಕ್ಟರಣ್ಣ ಹೇಳುವಾಗ ನನ್ನ ಕಾಲು ಪೆಡಲ್ ಮೇಲೆ ತಾನೇ ನಿಂತುಬಿಡುತ್ತದೆ.

ಆಮೇಲೆ ನಾನು. “ಬಾಗಿಲಲ್ಲಿ ನಿಂತಿದ್ದ. ಎಡ ಮೊಣಕೈ ತುಂಬ ಮಣ್ಣು. ಗೆದ್ರಾ ಅಂದೆ. ಅಂಗಿ ಬಿಚ್ಚಿ ಕೈಗೆ ಕೊಟ್ಟು, ‘ನೆನೆ ಹಾಕು’ ಅಂದ.” ಅಲ್ಲಿ ಎಲ್ಲರೂ ನಗುತ್ತೇವೆ. ಪ್ರತಿ ವಾರ ಅಲ್ಲೇ ನಗುತ್ತೇವೆ, ಹೊಸದಾಗಿ ಕೇಳಿದವರ ಹಾಗೆ.

ಫೆಬ್ರವರಿ 12

ಕಂಡಕ್ಟರಣ್ಣ ವಾರದ ದಿನವೇ ಬಂದರು. ಮುಖ ಅರಳಿತ್ತು. ಮೈದಾನ ಬಿಲ್ಡರ್ ಪಾಲಾಗುವುದಿಲ್ಲವಂತೆ. ಕ್ಲಬ್ಬಿನ ಹೊಸ ಅಧ್ಯಕ್ಷರು ಉಳಿಸಿಕೊಂಡರಂತೆ. ಗ್ಯಾಲರಿಯ ಕೆಳಗೆ ‘ನೆನಪಿನ ಕೋಣೆ’ ಮಾಡುತ್ತಾರಂತೆ. ಹಳೆಯ ಬೂಟು, ಕಪ್ಪು, ಫೋಟೋ. ಮತ್ತೆ... ಅಂಗಿ.

ಯಾವ ಅಂಗಿ ಎಂದು ಕೇಳಬೇಕಾಗಿರಲಿಲ್ಲ. ಹಸಿರು, ಉದ್ದ ತೋಳು. ನಾನೇ ಹೊಲಿದದ್ದು. ಮೊಣಕೈಗೆ ಅಪ್ಪನ ಹಳೆ ಕೋಟಿನ ಅಸ್ತರು ಮಡಿಸಿ ಒಳಗಿಟ್ಟು ಹೊಲಿದಿದ್ದೆ, ಬಿದ್ದರೆ ತರಚಬಾರದೆಂದು. ಅಣ್ಣ ತೀರಿಹೋದ ಮೇಲೆ ಟ್ರಂಕಿನಿಂದ ಆಚೆ ಬಂದದ್ದೇ ಇಲ್ಲ.

ಆಗಲ್ಲ ಅಂದೆ.

“ನೋಡಮ್ಮ, ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಎಷ್ಟು ದಿನ ಇರ್ತಾನೆ ನಿಮ್ಮಣ್ಣ? ಊರು ನೋಡಲಿ. ನಿನ್ನ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ, ನನ್ನ ಕಣ್ಣಿನ ಹಾಗೆ ನೋಡ್ಕೋತೀನಿ.”

ಯೋಚಿಸುತ್ತೇನೆ ಅಂದೆ. ಅಂದರೆ ಕೊಟ್ಟ ಹಾಗೆಯೇ. ಅವರಿಗೂ ಗೊತ್ತು.

ಫೆಬ್ರವರಿ 14

ಕೊಟ್ಟೆ. ಒಂದು ಗುಂಡಿ ಸಡಿಲವಿತ್ತು, ಬಿಗಿ ಮಾಡಿ ಕೊಟ್ಟೆ.

ಅಣ್ಣನ ಮಗಳಿಗೆ ಫೋನ್ ಮಾಡಿ ಹೇಳಿದರೆ ಅತ್ತಳು, ಖುಷಿಗೆ. ಅಣ್ಣ ಹೋದಾಗ ಅವಳಿಗೆ ಹಲ್ಲೂ ಬಂದಿರಲಿಲ್ಲ. ಅವಳಿಗೆ ಅಪ್ಪ ಅಂದರೆ ಆ ಪೆನಾಲ್ಟಿಯೇ. ಕಂಡಕ್ಟರಣ್ಣನ ತೊಡೆಯ ಮೇಲೆ ಕೂತು ಕೇಳಿ ಕೇಳಿ, ತಾನೂ ಸೊಂಟ ನೋಡಿ ಎಡಕ್ಕೆ ಹಾರಿ ಹಾಸಿಗೆಯ ಮೇಲೆ ಬೀಳುತ್ತಿದ್ದಳು. ಉದ್ಘಾಟನೆಗೆ ರಜೆ ಹಾಕಿ ಬರುತ್ತಾಳಂತೆ.

ಫೆಬ್ರವರಿ 25, ಭಾನುವಾರ

ಕಂಡಕ್ಟರಣ್ಣನ ಗಂಟಲು ಕಟ್ಟಿದೆ. ರೆಕಾರ್ಡಿಂಗ್ ಅಂತೆ. ನೆನಪಿನ ಕೋಣೆಯ ಗೋಡೆಯಲ್ಲಿ ಒಂದು ಗುಂಡಿ, ಒತ್ತಿದರೆ ಇವರ ದನಿಯಲ್ಲಿ ಪೆನಾಲ್ಟಿಯ ಕಥೆ. ಸರಿ ಬರುವ ತನಕ ಮತ್ತೆ ಮತ್ತೆ ಹೇಳಿಸಿದರಂತೆ. ಜೀವಮಾನವೆಲ್ಲ ಸ್ಟಾಪಿನ ಹೆಸರು ಕೂಗಿದ ಗಂಟಲು, ಈಗ ಗೋಡೆಯೊಳಗೆ ಕಾಯಂ ಆಯಿತು ಅಂತ ರೇಗಿಸಿದೆ. ಬಿಸಿನೀರು ಕೊಟ್ಟೆ.

ಇವತ್ತು ಫೈನಲ್ ಹೇಳಲಿಲ್ಲ. ಗಂಟಲ ನೆಪ. ಕಾಂಪೌಂಡರ್ ಯಾಕೋ ಇಸ್ತ್ರಿ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದ. ಮೈ ಹುಷಾರಿಲ್ಲವೇ ಅಂದರೆ, “ಏನಿಲ್ಲ ಅಕ್ಕ” ಅಂದ.

ಮಾರ್ಚ್ 17, ಭಾನುವಾರ

ಇವತ್ತು ಉದ್ಘಾಟನೆ.

ಅಧ್ಯಕ್ಷ ರಿಬ್ಬನ್ ಕತ್ತರಿಸಿದ. ಒಳಗೆ ಹೋದೆವು. ಗಾಜಿನ ಪೆಟ್ಟಿಗೆಯಲ್ಲಿ ಅಂಗಿ. ಕಾಲರ್ ಉಲ್ಟಾ ಮಡಿಸಿದ್ದರು, ಅದಕ್ಕೇ ಮೊದಲು ಸಿಟ್ಟು ಬಂತು. ಆಮೇಲೆ ಮೇಲಿನ ಫೋಟೋ ನೋಡಿದೆ. ಅಣ್ಣನದಲ್ಲ. ಅಧ್ಯಕ್ಷನ ಅಪ್ಪನದು. ಕೆಳಗೆ, ‘ಫೈನಲ್ ಗೆಲ್ಲಿಸಿಕೊಟ್ಟ ಹಿರಿಯ ಸಾಹೇಬರು. ಅಂದು ಅವರು ತೊಟ್ಟ ಅಂಗಿ.’

ಹಿರಿಯ ಸಾಹೇಬರಂತೆ. ನಾವೆಲ್ಲ ಅವನನ್ನು ಬೆಂಚು ಅನ್ನುತ್ತಿದ್ದೆವು. ಎರಡನೇ ಗೋಲ್‌ಕೀಪರ್. ಸಾಧು ಮನುಷ್ಯ, ಸತ್ತವನ ಮೇಲೆ ನನಗೇನೂ ಇಲ್ಲ. ಆದರೆ ಬೆಂಚು ಬಿಟ್ಟು ಎದ್ದವನಲ್ಲ. ಅವನ ಅಂಗಿ ಒಗೆಯುವ ಕೆಲಸವೇ ಯಾರಿಗೂ ಬೀಳುತ್ತಿರಲಿಲ್ಲ.

ಏನೋ ತಪ್ಪಾಗಿದೆ ಅಂದುಕೊಂಡೆ. ಫೋಟೋ ಅದಲುಬದಲಾಗಿದೆ, ಹೇಳಿದರೆ ಸರಿ ಮಾಡುತ್ತಾರೆ. ಅಷ್ಟರಲ್ಲಿ ಅಣ್ಣನ ಮಗಳು ಗುಂಡಿ ಒತ್ತಿದಳು.

ಕಂಡಕ್ಟರನ ದನಿ. “ಗೋಡೆ” ಅನ್ನುವಲ್ಲಿ “ಹಿರಿಯ ಸಾಹೇಬರು.” ಉಳಿದದ್ದರಲ್ಲಿ ಒಂದು ಮಾತೂ ಬದಲಿಲ್ಲ. ಅದೇ ಸೊಂಟ, ಅದೇ ಎಡಗಡೆ, ಅದೇ ಬೆರಳ ತುದಿ. ಚೆಂಡು ಅವನ ಕಾಲ ಹತ್ತಿರ ಬಂದು ಮಲಗಿತು. ಜನ ಚಪ್ಪಾಳೆ ತಟ್ಟಿದರು.

ಕಂಡಕ್ಟರ್ ಅಧ್ಯಕ್ಷನ ಪಕ್ಕದಲ್ಲಿ ನಿಂತಿದ್ದ. ನನ್ನ ಕಡೆ ತಿರುಗಲಿಲ್ಲ.

ಕಾಂಪೌಂಡರನ ತೋಳು ಹಿಡಿದೆ. ನೀನೂ ಇದ್ದೆಯಲ್ಲ ಪಂದ್ಯಕ್ಕೆ, ಹೇಳು ಇವರಿಗೆ ಅಂದೆ. ತಲೆ ತಗ್ಗಿಸಿದ. “ಅದು ಅವರ ಪಾಲಲ್ವಾ ಅಕ್ಕ. ಅಡ್ಡಬಾಯಿ ಹಾಕ್ಬಾರ್ದು ಅಂತ ಗೋಡೇನೇ ಹೇಳಿದ್ದು.”

ಅಣ್ಣನ ಮಾತಿನಿಂದಲೇ ಅಣ್ಣನ ಬಾಯಿ ಮುಚ್ಚಿಸಿದರು.

ಅದೇ ದಿನ, ಸಂಜೆ

ಹುಡುಗಿ ಊಟ ಮಾಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು:

“ಅತ್ತೆ, ಹೇಳಿದ್ದು ಅದೇ ಮಾಮ. ಅದೇ ದನಿ, ಅದೇ ಮಾತು. ಆಗ ಸುಳ್ಳು ಹೇಳಿದ್ರಾ, ಈಗಾ?”

ಈಗ ಕಣೇ, ಈಗ, ಅಂದೆ.

“ನೀವು ನೋಡಿದ್ರಾ?”

ಇಲ್ಲ. ನೋಡಿಲ್ಲ. ನನ್ನ ಕಣ್ಣಲ್ಲಿ ಇಷ್ಟು ವರ್ಷ ಹಾರುತ್ತಿದ್ದ ಅಣ್ಣ ಕಂಡಕ್ಟರನ ಬಾಯಿಂದ ಬಂದವನು.

ಮಾರ್ಚ್ 18

ಕಂಡಕ್ಟರನ ಮನೆಗೇ ಹೋದೆ. ಕುರ್ಚಿ ಹಾಕಿದ. ಕೂರಲಿಲ್ಲ.

“ಅಧ್ಯಕ್ಷ ಕೇಳಿದ್ದು ಅದೊಂದೇ ಅಮ್ಮ. ಅವರಪ್ಪನ ಹೆಸರು ನಿಲ್ಲಬೇಕು. ಇಲ್ಲಾಂದ್ರೆ ಜಾಗ ಬಿಲ್ಡರ್‌ಗೆ ಅಂದ. ನಾನೇನ್ ಮಾಡ್ಲಿ? ಮೈದಾನ ಉಳೀತಲ್ಲ.”

ನನ್ನನ್ನು ಕೇಳಬಹುದಿತ್ತಲ್ಲ ಅಂದೆ.

“ಕೇಳಿದ್ರೆ ನೀನು ಒಪ್ತಿರಲಿಲ್ಲ.”

“ಅದಕ್ಕೇ ಕೇಳಬೇಕಿತ್ತು.”

ಆಮೇಲೆ ಅಂದ ಮಾತು ಸಾಯುವ ತನಕ ಮರೆಯುವುದಿಲ್ಲ. “ಗೋಡೆ ಇದ್ದಿದ್ರೆ ಮೈದಾನಕ್ಕೋಸ್ಕರ ಅವನೇ ಕೊಟ್ಟುಬಿಡ್ತಿದ್ದ.”

ನಿಜ. ಕೊಡುತ್ತಿದ್ದ. ಅದೇ ಹೊಟ್ಟೆಗೆ ಬೆಂಕಿ ಇಟ್ಟಿದ್ದು.

“ಅವನು ಕೊಡ್ತಿದ್ದ ಕಣೋ. ಅವನದು, ಅವನು ಕೊಡ್ತಿದ್ದ. ಕೊಡೋಕೆ ನೀನ್ಯಾರು?”

ಅವನನ್ನು ಏಕವಚನದಲ್ಲಿ ಕರೆದದ್ದು ಜೀವನದಲ್ಲಿ ಇದೇ ಮೊದಲು. ಅವನ ಹೆಂಡತಿ ಒಳಗಿನಿಂದ ಇಣುಕಿ ಮತ್ತೆ ಒಳಗೆ ಹೋದಳು. ನಂಬಿದವರೇ ಕುತ್ತಿಗೆ ಕೊಯ್ಯುತ್ತಾರೆ ಅಂತ ಅಮ್ಮ ಅನ್ನುತ್ತಿದ್ದಳು. ನಂಬದವರ ಕೈಗೆ ಕುತ್ತಿಗೆ ಕೊಡುವವರಾದರೂ ಯಾರು.

ಕ್ಲಬ್ಬಿನ ಆಫೀಸಿಗೂ ಹೋದೆ. ಅಂಗಿ ವಾಪಸ್ ಬೇಕು ಅಂದೆ. ಗುಮಾಸ್ತ ವಿನಯವಾಗಿಯೇ ಹೇಳಿದ, “ಮೇಡಂ, ಕೊಟ್ಟಿದ್ದು ಕಂಡಕ್ಟರ್ ಅಂಕಲ್. ಅವರೇ ಬಂದು ಕೇಳಲಿ.”

ಮಾರ್ಚ್ 31, ಭಾನುವಾರ

ಎರಡು ಭಾನುವಾರದಿಂದ ಶಟರ್ ಅರ್ಧ ಎಳೆದೇ ಕೂರುತ್ತಿದ್ದೇನೆ. ಯಾರೂ ಬರಲಿಲ್ಲ. ಇವತ್ತು ಗೆದ್ದರಂತೆ. ಬೀದಿಯಲ್ಲಿ ಕೂಗಾಟ ಕೇಳಿಸಿತು. ಖುಷಿಯಾಯಿತು, ಆದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಕಾಂಪೌಂಡರ್ ಬಂದು ಶಟರ್ ಆಚೆಯೇ ನಿಂತ. “ಅವರು ನಿದ್ದೆ ಮಾಡ್ತಿಲ್ಲ ಅಕ್ಕ.” ನಿನ್ನ ಹತ್ತಿರ ಮಾತ್ರೆ ಇರುತ್ತಲ್ಲ, ಕೊಡು ಅಂದೆ. ಹೋಗಲಿಲ್ಲ, ನಿಂತೇ ಇದ್ದ. ಕೊನೆಗೆ ನಾನೇ ಹೇಳಿಕಳಿಸಿದೆ: ನನಗೇನೂ ಬೇಡ. ಬರುವ ಭಾನುವಾರ ಹುಡುಗಿ ಬರುತ್ತಾಳೆ. ಅವಳ ಮುಂದೆ ಒಂದು ಸಲ, ಇದ್ದದ್ದು ಇದ್ದ ಹಾಗೆ ಹೇಳಲಿ. ಗೋಡೆಯೊಳಗೆ ಏನಾದರೂ ಇರಲಿ, ಅವಳ ಕಿವಿಯೊಳಗೆ ಅವಳ ಅಪ್ಪ ಇರಲಿ.

ಏಪ್ರಿಲ್ 7, ಭಾನುವಾರ

ಬಂದ. ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಮೇಜಿನ ಮೇಲೆ ಕೂರಲಿಲ್ಲ, ನಿಂತ. ಕಾಂಪೌಂಡರ್ ತನ್ನ ಸ್ಟೂಲಿನ ಮೇಲೆ. ಹುಡುಗಿ ನನ್ನ ಪಕ್ಕ. ಮಷೀನಿನಲ್ಲಿ ಬಟ್ಟೆಯಿರಲಿಲ್ಲ. ಸುಮ್ಮನೆ ಅದರ ಮುಂದೆ ಕೂತಿದ್ದೆ.

ಕಾಂಪೌಂಡರ್ ಮೊದಲ ಗೋಲು ಹೇಳಿದ. ಗಡಿಬಿಡಿಯಲ್ಲಿ ಬೇಕರಿಯ ಮೈದಾ ಮರೆತ. ಯಾರೂ ತಿದ್ದಲಿಲ್ಲ.

ಆಮೇಲೆ ಅವನು. ಕಣ್ಣು ಮುಚ್ಚಿಕೊಂಡ.

“ವಿಸಲ್ ಆಯ್ತು. ಆ ಕಡೆಯವನು ಬಲಕ್ಕೆ ನೋಡ್ದ...”

ಸುಳ್ಳೇಕೆ ಹೇಳಲಿ, ಇಷ್ಟಾದ ಮೇಲೂ ನನ್ನ ಕಾಲು ಪೆಡಲ್ ಮೇಲೆ ಬಿಗಿಯಿತು. ಹುಡುಗಿ ಮುಂದಕ್ಕೆ ಬಗ್ಗಿದಳು. ಮಗುವಾಗಿದ್ದಾಗಿನ ಮುಖ ಬಂತು ಅವಳಿಗೆ.

“...ಹಿರಿಯ ಸಾಹೇಬರು ಅವನ ಕಣ್ಣು ನೋಡ್ಲಿಲ್ಲ...”

ನಿಂತ. ಕಣ್ಣು ತೆರೆದ. ಬೇಕೆಂದು ಅಂದದ್ದಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದ.

“ತಾಳು ಮಗಳೇ. ಅದು... ಅಷ್ಟು ಸಲ ಹೇಳಿಸಿಬಿಟ್ರು ನೋಡು. ನಾಲಿಗೆಗೆ ಅಭ್ಯಾಸ ಆಗೋಗಿದೆ. ಮೊದಲಿಂದ ಹೇಳ್ತೀನಿ. ವಿಸಲ್ ಆಯ್ತು...”

“ಸಾಕು ಮಾಮ,” ಅಂದಳು ಹುಡುಗಿ. ಮೆಲ್ಲಗೆ ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಅಲ್ಲೇ ಮೇಜಿನ ಅಂಚು ಹಿಡಿದು ಅತ್ತ. “ಗೋಡೆ, ಗೋಡೆ” ಅಂತ ಅದೊಂದೇ ಮಾತು. ಒಂದು ಲೋಟ ನೀರು ಕೊಡಬೇಕು ಅನ್ನಿಸಿತು. ಕೊಡಲಿಲ್ಲ. ಕಾಂಪೌಂಡರ್ ಕೈ ಹಿಡಿದು ಕರೆದುಕೊಂಡು ಹೋದ.

ಏಪ್ರಿಲ್ 8

ಹುಡುಗಿ ಬೆಳಗಿನ ಬಸ್ಸಿಗೆ ಹೊರಟಳು. ಬಾಗಿಲ ತನಕ ಹೋಗಿ ತಿರುಗಿ ಬಂದಳು.

“ನಿಮ್ಮ ಪಾಲು ಹೇಳ್ಲೇ ಇಲ್ಲ ಅತ್ತೆ ನಿನ್ನೆ.”

ಅದರಲ್ಲೇನಿದೆ ಕಣೇ ಅಂದೆ. ಅದರಲ್ಲಿ ಪೆನಾಲ್ಟಿಯಿಲ್ಲ, ಗೆಲುವಿಲ್ಲ. ಅವನು ನನಗೆ ಗೆದ್ದೆವು ಅಂತಲೂ ಹೇಳಲಿಲ್ಲ.

“ಆದರೆ ಅದು ನೀವು ನೋಡಿದ್ದಲ್ವಾ?”

ಬಸ್ಸಿಗೆ ಹೊತ್ತಾಗಿತ್ತು. ಬರೆದು ಕಳಿಸುತ್ತೇನೆ ಅಂದೆ.

ಏಪ್ರಿಲ್ 14, ಭಾನುವಾರ, ಮಧ್ಯಾಹ್ನ

ಬೀದಿ ಖಾಲಿ. ಎಲ್ಲ ಮೈದಾನದಲ್ಲಿದ್ದಾರೆ. ಶಟರ್ ಪೂರ್ತಿ ತೆರೆದಿದ್ದೇನೆ.

ಪೆನಾಲ್ಟಿ ಬರೆಯಲು ಹೋದೆ, ಹೊಡೆದುಹಾಕಿದೆ. ಯಾವ ಪದ ಹಾಕಿದರೂ ಅವನ ದನಿ. ಇರಲಿ. ಅದು ಅವನು ತೆಗೆದುಕೊಂಡು ಹೋದದ್ದು. ನನ್ನದು ಮಾತ್ರ ಬರೆಯುತ್ತೇನೆ, ಮಗಳೇ.

ಅಮ್ಮನಿಗೆ ಜ್ವರ. ಒಲೆಯ ಮೇಲೆ ನೀರಿತ್ತು. ಚಿಲಕದ ಸದ್ದಾಯಿತು, ತಿರುಗಿದೆ. ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದ. ಎಡ ಮೊಣಕೈ ತುಂಬ ಮಣ್ಣು, ನಮ್ಮಪ್ಪನ ಕೋಟಿನ ಅಸ್ತರು ಹರಿದು ಆಚೆ ಬಂದಿತ್ತು. ಗೆದ್ರಾ ಅಂದೆ. ಅವನು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ‘ನೆನೆ ಹಾಕು’ ಅಂದ.