ಕೈ ಎಂಬ ಮಾತಿನ ಹುಟ್ಟು

ಉಮ್ಮತ್ತೂರು, ಭಾನುವಾರ

ಬಂಡೀಪುರದ ಕಾಡು ಕಾಯುತ್ತಿರುವ ಅಪ್ಪನಿಗೆ,

ನಿನ್ನ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ, ಅದಕ್ಕೇ ಈ ಕಾಗದ. "ಧಾರೆ ಎರೀದೆ ಅದ್ಯಾವ ಮದ್ವೆ ಕಣಮ್ಮಿ? ನಾ ಬರಕ್ಕಿಲ್ಲ" ಅಂದುಬಿಟ್ಟೆಯಲ್ಲ! ಹೆಣ್ಣು ದಾನ ಕೊಡುವ ವಸ್ತುವಲ್ಲ ಅಪ್ಪ. ಆ ಮಾತು ನಾನು ಬಿಡುವುದಿಲ್ಲ.

ಒಂದು ಕಿರುಹೊತ್ತಿಗೆಯಲ್ಲಿ ಓದಿದೆ. ಇಂಗ್ಲಿಷಿಗೂ ಜರ್ಮನ್ನಿಗೂ ತಾಯಿಯಾದ ಹಳೆಯ ಭಾಷೆಯಲ್ಲಿ ಕೈಗೆ 'ಹಂಡುಜ್' ಅನ್ನುತ್ತಿದ್ದರೆಂದು ಪಂಡಿತರ ಊಹೆ. 'ಹಿಡಿ' ಎಂಬ ಅರ್ಥದ ಮಾತಿನಿಂದ ಅದು ಹುಟ್ಟಿರಬಹುದಂತೆ. ಚಾಮರಾಜನಗರದ ಸಂತೆಯ ನೂಕುನುಗ್ಗಲಿನಲ್ಲಿ ನನ್ನ ಮಣಿಕಟ್ಟು ಬಿಡದೆ ಹಿಡಿದಿದ್ದ ನಿನ್ನ ಕೈ ನೆನಪಾಯಿತು.

ಶುಕ್ರವಾರ ಬೆಳಿಗ್ಗೆ ಗುಂಡ್ಲುಪೇಟೆಯ ರಿಜಿಸ್ಟ್ರಾರ್ ಕಚೇರಿಗೆ ಬಾ. ನನ್ನನ್ನು ಯಾರಿಗೂ ಕೊಡಬೇಡ. ಸಹಿ ಹಾಕುವಾಗ ನನಗೆ ಬಲಗೈ ಸಾಕು. ಎಡಗೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರು.

ನಿನ್ನ ಹಟಮಾರಿ ಮಗಳು,
ಶಿವರಂಜಿನಿ