ಎಪ್ಪತ್ತಾರು ಅಡಿ

ಮಾರ್ಚ್ ೧೪, ಗುರುವಾರ

ಕಾರ್ಖಾನೆಯಲ್ಲೇ ಕಟ್ಟಿ ಲಾರಿಯಲ್ಲಿ ಎಳೆದು ತರುವ ಮನೆ ಎಪ್ಪತ್ತಾರು ಅಡಿ ಉದ್ದದ್ದಾದರೆ ಅಪ್ಪ ನೆಟ್ಟ ಪೆಕಾನ್ ಮರ ಹೋಗಬೇಕು. ಅರವತ್ತರದಾದರೆ ಅಮ್ಮನಿಗೆ ಕೋಣೆಯಿಲ್ಲ. ವಾರವಿಡೀ ಇದೇ ಕೊರೆತ.

ಇವತ್ತು ಗೂಟ ನೆಟ್ಟು ಎಪ್ಪತ್ತಾರು ಅಡಿ ಹಗ್ಗ ಎಳೆದೆವು. ತುದಿ ಮರದ ಬುಡಕ್ಕೇ ತಾಗಿತು. ಕ್ಲೀಟಸ್ ಭಾವ ಗರಗಸ ತರಲು ಎದ್ದರು.

"ತಾಳಿ ಭಾವ," ಎಂದೆ. "ಲಾರಿಗೆ ಸಿಕ್ಕಿಸೋ ಕಬ್ಬಿಣದ ಮೂತಿನೂ ಸೇರಿ ಎಪ್ಪತ್ತಾರು. ಮನೆ ಇಳಿಸಿದ್ಮೇಲೆ ಅದನ್ನ ಬಿಚ್ಚಿಬಿಡ್ತಾರಲ್ಲ? ನಾಲ್ಕಡಿ ಉಳಿಯುತ್ತೆ!"

"ಇಪ್ಪತ್ ವರ್ಷ ಲಾರೀಲಿ ಮನೆ ಎಳ್ದೋನು ನಾನು. ನಂಗೇ ಹೇಳ್ಕೊಡ್ತೀಯಾ?" ಎಂದವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಎಳೆಯುವವನ ಕಣ್ಣಿಗೆ ಮೂತಿಯಿಲ್ಲದ ಮನೆಯೇ ಇಲ್ಲ.

ಮರದ ಬುಡದ ಗೂಟವನ್ನು ನಾನೇ ಕಿತ್ತು ನಾಲ್ಕಡಿ ಹಿಂದೆ ನೆಟ್ಟೆ. ದೊಡ್ಡ ಮನೆಯೇ ಬರುತ್ತದೆ. ಉಳಿದ ಮರದ ನೆರಳಿನಲ್ಲಿ ಅಮ್ಮ ಆಗಲೇ ಕುರ್ಚಿ ಹಾಕಿ ಕೂತಿದ್ದಳು, ಇನ್ನೂ ಬಾರದ ಗೋಡೆಗೆ ಬೆನ್ನು ಕೊಟ್ಟು.