ಕ್ಯಾಮೆರಾದ ಹಿಂದೆ ಮಾತಾಡಬಾರದು

ತಾರೀಖು ಹದಿನಾಲ್ಕು, ಸೋಮವಾರ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ತಿಳಿಸು. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ ಎಂದು ಬೈಯಬೇಡ. ಬೈದರೂ ಸರಿಯೇ, ಬೈಯುವುದಕ್ಕಾದರೂ ಫೋನು ಮಾಡುತ್ತೀಯ. ಈ ತಿಂಗಳು ಮದುವೆಯ ಮೇಲೆ ಮದುವೆ. ರೂಮಿಗೆ ಬಂದು ಬಿದ್ದರೆ ಈ ಕಾಲು ನನ್ನದೋ ಪಕ್ಕದ ಮನೆಯವರದೋ ಗೊತ್ತಾಗುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ‘ಆಮೇಲೆ ಮಾಡ್ತೀನಮ್ಮ’ ಅಂದರೆ ಅಲ್ಲಿಗೆ ನನ್ನ ಕಥೆ ಮುಗಿಯಿತು. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ ನೋಡು.

ನನ್ನ ಹೊಸ ರೂಮು ಟೈರಿನ ಅಂಗಡಿಯ ಮೇಲಿದೆ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಒಂದು ಮಂಚ, ಒಂದು ಒಲೆ, ಎರಡು ಕುರ್ಚಿ. ಒಬ್ಬಳಿಗೆ ಎರಡು ಯಾಕೆ ಅಂತ ಅಂಗಡಿಯವನೂ ಕೇಳಿದ. ಯಾರಾದರೂ ಬರುತ್ತಾರಪ್ಪ ಅಂದೆ. ಸದ್ಯಕ್ಕೆ ಎರಡನೆಯ ಕುರ್ಚಿಯ ಮೇಲೆ ಕ್ಯಾಮೆರಾದ ಚೀಲ ಕೂತಿರುತ್ತದೆ. ಒಂದೊಂದು ಸಲ ಊಟ ಮಾಡುತ್ತ ಅದರ ಜೊತೆಗೇ ಮಾತಾಡಿಬಿಡುತ್ತೇನೆ. ನಗಬೇಡ, ಅರವತ್ತಕ್ಕೆ ಅರಳು ಮರಳಂತೆ, ನನಗಿನ್ನೂ ಐವತ್ತೆರಡು.

ಕೆಲಸ ಹೇಗಿದೆ ಅಂತ ಕೇಳಿದ್ದೀಯ. ಏನು ಹೇಳಲಿ! ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾಗ ಅಲ್ಲಿನ ಎಲ್ಲ ಕಾರ್ಯಕ್ರಮದ ವಿಡಿಯೋ ನಾನೇ ತೆಗೆಯುತ್ತಿದ್ದೆನಲ್ಲ, ಎಲ್ಲರೂ ‘ಎಷ್ಟು ಚೆನ್ನಾಗಿ ತೆಗೀತೀರಿ’ ಅನ್ನುತ್ತಿದ್ದರು. ಪುಕ್ಕಟೆ ತೆಗೆದದ್ದು ಯಾರಿಗೆ ತಾನೇ ಚೆನ್ನಾಗಿರುವುದಿಲ್ಲ? ಆ ಮಾತು ನಂಬಿಕೊಂಡು ನೌಕರಿ ಬಿಟ್ಟು ಈ ಸ್ಟುಡಿಯೋ ಸೇರಿದೆ. ಇಲ್ಲಿಯ ಯಜಮಾನರು ನನ್ನ ಹಳೆಯ ವಿಡಿಯೋಗಳನ್ನು ಗಲ್ಲಕ್ಕೆ ಕೈ ಕೊಟ್ಟುಕೊಂಡು ನೋಡಿದರು. ಮೊದಲ ಮಾತು, ‘ಅಮ್ಮಾ, ಇದು ಕ್ಯಾಮೆರಾನೋ ಗಿಡಕ್ಕೆ ನೀರು ಬಿಡೋ ಪೈಪೋ? ಯಾಕೆ ಹೀಗೆ ಆ ಕಡೆ ಈ ಕಡೆ ಆಡಿಸ್ತೀರಿ?’ ಎರಡನೆಯದು, ‘ಹಿಂದೆ ಒಂದೇ ಸಮ ವಟಗುಟ್ತಿದಾರಲ್ಲ, ಆ ಹೆಂಗಸು ಯಾರು?’

ಇನ್ಯಾರು, ನಾನೇ. ‘ಪುಟ್ಟಿ ಈ ಕಡೆ ನೋಡೇ, ಸ್ವಲ್ಪ ನಗೇ, ಅಯ್ಯೋ ಕೂದಲು ಸರಿ ಮಾಡ್ಕೊಳ್ಳೇ.’ ನಿನ್ನ ಬಾಲ್ಯದ ವಿಡಿಯೋದಲ್ಲೆಲ್ಲ ಇದೇ ಹಿಮ್ಮೇಳ. ‘ದುಡ್ಡು ತಗೊಂಡು ತೆಗೆಯೋರು ಕ್ಯಾಮೆರಾದ ಹಿಂದೆ ಮಾತಾಡಬಾರದು’ ಅಂದರು ಯಜಮಾನರು. ನನ್ನಂಥ ಬಾಯಿಬಡುಕಿಗೆ ಈ ಶಿಕ್ಷೆ! ಮೊದಮೊದಲು ಬಾಯಲ್ಲಿ ಲವಂಗ ಇಟ್ಟುಕೊಂಡು ಕ್ಯಾಮೆರಾ ಹಿಡಿಯುತ್ತಿದ್ದೆ, ಮಾತಾಡಿದರೆ ಖಾರ ಹತ್ತಲಿ ಅಂತ. ಈಗ ಲವಂಗ ಬೇಡ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಿರುವುದಿಲ್ಲ.

ಮೊದಲ ಸಲ ನನ್ನೊಬ್ಬಳನ್ನೇ ಕಳಿಸಿದ್ದು ಒಂದು ಶಾಲೆಯ ಮಕ್ಕಳ ನೃತ್ಯಕ್ಕೆ. ವೇದಿಕೆಯ ತುಂಬ ಮಕ್ಕಳು. ಎರಡನೆಯ ಸಾಲಿನಲ್ಲಿ ಒಂದು ಹುಡುಗಿ ತಪ್ಪು ಹೆಜ್ಜೆ ಹಾಕಿದಾಗಲೆಲ್ಲ ತುಟಿ ಕಚ್ಚಿಕೊಳ್ಳುತ್ತಿದ್ದಳು, ಥೇಟು ನಿನ್ನ ಹಾಗೆ. ಅಷ್ಟೇ, ಕ್ಯಾಮೆರಾ ಅವಳ ಮೇಲೆ ಹೋದದ್ದು ಮತ್ತೆ ಈಚೆ ಬರಲೇ ಇಲ್ಲ. ನೃತ್ಯ ಮುಗಿಯುವವರೆಗೂ ಆ ಒಂದೇ ಮಗು! ಉಳಿದ ಮಕ್ಕಳದು ಅಲ್ಲೊಂದು ಕೈ, ಇಲ್ಲೊಂದು ಜಡೆ. ಅಪ್ಪ ಅಮ್ಮಂದಿರು ಸ್ಟುಡಿಯೋಗೇ ಬಂದು ‘ನಮ್ಮ ಮಗು ಎಲ್ರೀ?’ ಎಂದು ಕೂತುಬಿಟ್ಟರು. ಅವರು ಹೋದ ಮೇಲೆ ಯಜಮಾನರು, ‘ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಅದು ನಿಮ್ಮ ಹೆಗ್ಗಣಾನೂ ಅಲ್ವಲ್ಲಮ್ಮ’ ಅಂದರು. ಬೆಳಕು ಸರಿಯಿರಲಿಲ್ಲ, ಜಾಗ ಸರಿಯಿರಲಿಲ್ಲ ಎಂದೆಲ್ಲ ಹೇಳಿನೋಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ಕೆಲಸದಿಂದ ತೆಗೆಯಲಿಲ್ಲ, ಪುಣ್ಯಾತ್ಮ.

ಈಗ ಕೈ ಕುದುರಿದೆ. ಎಡಿಟಿಂಗನ್ನೂ ಕಲಿತೆ. ನಾನು ತೆಗೆದದ್ದನ್ನು ನಾನೇ ಕತ್ತರಿಸಿ ಜೋಡಿಸುತ್ತೇನೆ. ಹೋದ ವಾರ ಯಜಮಾನರು ಬೇರೆಯವರಿಗೆ ನನ್ನನ್ನು ತೋರಿಸಿ ‘ಇವರು ನಮ್ಮ ಕ್ಯಾಮೆರಾದವರು’ ಅಂದರು. ಸಹಾಯಕಿ ಅನ್ನಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಕೆಳಗೆ ಟೈರಿನ ಅಂಗಡಿಯವನಿಗೆ ಹೇಳಿದೆ. ‘ಒಳ್ಳೇದಾಯ್ತು ಬಿಡಿ’ ಅಂದು ಗಾಳಿ ತುಂಬುವುದಕ್ಕೆ ಹೋದ.

ಒಂದು ತಮಾಷೆ ಹೇಳುತ್ತೇನೆ. ಒಂದು ಮದುವೆಯ ಎಡಿಟಿಂಗಿಗೆ ಕೂತರೆ ವಾರಗಟ್ಟಲೆ ಆ ಮದುಮಗಳದೇ ಮುಖ. ಅವಳು ಯಾವಾಗ ನಗುತ್ತಾಳೆ, ಅತ್ತೆಯನ್ನು ಕಂಡರೆ ಹುಬ್ಬು ಹೇಗೆ ಏರುತ್ತದೆ, ಎಲ್ಲ ಬಾಯಿಪಾಠ. ಅಂಥವಳೊಬ್ಬಳು ಮೊನ್ನೆ ತರಕಾರಿ ಕೊಳ್ಳುತ್ತ ಸಿಕ್ಕಳು. ನಾನು ಸ್ವಂತ ಮಗಳ ಹಾಗೆ ಕೈ ಹಿಡಿದು ‘ಏನಮ್ಮ, ಸೊರಗಿದೀಯಲ್ಲ?’ ಅಂದುಬಿಟ್ಟೆ. ಪಾಪ, ಕೈ ಮೆಲ್ಲಗೆ ಬಿಡಿಸಿಕೊಂಡು ‘ಕ್ಷಮಿಸಿ, ಗೊತ್ತಾಗ್ಲಿಲ್ಲ’ ಅಂದಳು. ಅವಳ ತಪ್ಪೇನು? ನಾವು ಹಾಕುವುದು ಕಪ್ಪು ಅಂಗಿ, ನಿಲ್ಲುವುದು ದೀಪದ ಹಿಂದೆ, ಉಣ್ಣುವುದು ಎಲ್ಲರೂ ಎದ್ದ ಮೇಲೆ. ಯಾರ ಕಣ್ಣಿಗೂ ಬೀಳದೆ ಇದ್ದರೇ ನಮ್ಮ ಕೆಲಸ ಚೆನ್ನಾಗಿದೆ ಅಂತ ಲೆಕ್ಕ. ಆದರೂ ಆ ದಿನ ತರಕಾರಿ ಕೊಳ್ಳದೆ ವಾಪಸು ಬಂದೆ.

ಪುಟ್ಟಿ, ನಾನು ಈ ಕೆಲಸಕ್ಕೆ ಸೇರಿದಾಗ ನೀನು ‘ಕಂಡೋರ ಮದುವೇಲಿ ಕ್ಯಾಮೆರಾ ಹೊತ್ಕೊಂಡು ನಿಂತ್ರೆ ನಮ್ಮತ್ತೆ ಮನೆಯವರು ಏನಂದ್ಕೋತಾರಮ್ಮ? ಇನ್ನೂ ಶಾಲೇಲೇ ಇದೀಯ ಅಂತ ಹೇಳಿದೀನಿ’ ಅಂದಿದ್ದೆ. ಅಳಿಯಂದಿರಿಗೆ ಮಾತ್ರ ನಿಜ ಗೊತ್ತು, ಅವರೇನೂ ಮೂಗು ಮುರಿಯಲಿಲ್ಲ. ನಿನ್ನ ಮೇಲೆ ಆಗ ಕೋಪ ಬಂದಿತ್ತು. ಆಮೇಲೆ, ಒಂದಲ್ಲ ಒಂದು ದಿನ ಬಂದು ನಾನು ಕೆಲಸ ಮಾಡುವುದನ್ನು ನೋಡುತ್ತೀಯ, ನೋಡಿದ ಮೇಲೆ ನೀನೇ ‘ನಮ್ಮಮ್ಮ ವಿಡಿಯೋ ತೆಗೀತಾಳೆ’ ಅಂತ ನಾಲ್ಕು ಜನರ ಮುಂದೆ ಹೇಳುತ್ತೀಯ ಅಂದುಕೊಂಡು ಸಮಾಧಾನ ಮಾಡಿಕೊಂಡೆ. ನನಗೆ ನಿನ್ನಿಂದ ಬೇಕಾಗಿದ್ದದ್ದು ಅದೊಂದೇ. ಪ್ರತಿ ಕಾಗದದಲ್ಲೂ ಬಾ ಬಾ ಅಂತ ಪೀಡಿಸುತ್ತಿದ್ದೆ. ಈ ಸಲ ಪೀಡಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರ ಜೊತೆ ಸಣ್ಣದಕ್ಕೆಲ್ಲ ಜಗಳ ಆಡಬೇಡ, ಅವರು ಚಿನ್ನದಂಥವರು. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಮುಖದಲ್ಲಿ ನಗು ಬಾಡದಿರಲಿ.

ಇಂತಿ,
ನಿನ್ನ ಅಮ್ಮ

ಬರೆಯಬಾರದು ಅಂತಿದ್ದೆ, ಮನಸ್ಸು ತಡೆಯಲಿಲ್ಲ. ಹೋದ ತಿಂಗಳು ಅಳಿಯಂದಿರ ಕಚೇರಿಗೆ ಹೊಸದಾಗಿ ಸೇರಿದ ಹುಡುಗನ ಮದುವೆಗೆ ನೀನು ಒಬ್ಬಳೇ ಬಂದಿದ್ದೆಯಲ್ಲ, ಅಲ್ಲಿ ಕ್ಯಾಮೆರಾ ಹಿಡಿದಿದ್ದವಳು ನಾನು. ಅದು ನಿನಗೂ ಗೊತ್ತು, ನನ್ನನ್ನು ನೋಡಿದೆ. ಅವನಿಗೆ ನಮ್ಮ ಸ್ಟುಡಿಯೋದ ಹೆಸರು ಹೇಳಿದ್ದು ಅಳಿಯಂದಿರೇ ಅಂತೆ. ನಾನು ಯಾರು ಅಂತ ಮಾತ್ರ ಹೇಳಿರಲಿಲ್ಲ. ನೀನೇ ಹೇಳಲಿ ಅಂತ ಬಿಟ್ಟಿದ್ದರೋ ಏನೋ. ಮದುಮಗನ ಅಂಗಿಗೆ ನಾವು ಸಣ್ಣ ಮೈಕು ಸಿಕ್ಕಿಸಿರುತ್ತೇವೆ. ಅವನ ಪಕ್ಕ ನಿಂತವರು ಆಡಿದ ಮಾತೂ ನನ್ನ ಕಿವಿಗೆ ಬರುತ್ತದೆ. ‘ಅತ್ತಿಗೆ, ಆ ಕ್ಯಾಮೆರಾದಮ್ಮ ನಿಮ್ಮನ್ನೇ ನೋಡ್ತಿದಾರೆ, ಪರಿಚಯಾನಾ?’ ಅಂತ ಅವನು ನಿನ್ನನ್ನು ಕೇಳಿದ. ‘ಇಲ್ಲಪ್ಪ, ಯಾರೋ’ ಅಂದೆ ನೀನು. ಅಳು ಒತ್ತಿಕೊಂಡು ಬಂತು ಪುಟ್ಟಿ, ಆದರೂ ಚಿತ್ರ ಅಲುಗಾಡದ ಹಾಗೆ ಹಿಡಿದೆ. ಬರುವ ಭಾನುವಾರ ಆ ಹುಡುಗ ನಿಮ್ಮನ್ನೆಲ್ಲ ಕರೆದು ವಿಡಿಯೋ ತೋರಿಸುತ್ತಾನಂತೆ, ಅಳಿಯಂದಿರೂ ಇರುತ್ತಾರೆ. ನೀನು ಆಡಿದ ಮಾತನ್ನು ನಾನು ತೆಗೆದುಹಾಕಿ ಆ ಜಾಗಕ್ಕೆ ವಾದ್ಯದ ಸದ್ದು ಕೂಡಿಸಿದ್ದೇನೆ. ನೀನು ನಗುತ್ತಿರುವುದಷ್ಟೇ ಕಾಣುತ್ತದೆ, ತುಂಬ ಚೆನ್ನಾಗಿ ಬಂದಿದೆ. ಹೆದರದೆ ಕೂತು ನೋಡು.